ಚಹಾದ ಹೊತ್ತಿನ ಒಂದು ಮಾತು

ಖಾನಾಪುರದ ಮಳೆಯನ್ನು ನೋಡಿಯೇ ತಿಳಿಯಬೇಕು. ಕಣಕುಂಬಿಯ ಗುಡ್ಡದಲ್ಲಿ ಹುಟ್ಟಿದ ಮಲಪ್ರಭೆ ಊರ ಪಕ್ಕದಲ್ಲೇ ಕೆಂಪಾಗಿ ಹರಿಯುವ ಆ ನಾಲ್ಕು ತಿಂಗಳು ಮಕ್ಕಳಿಗೆ ಅಂಗಳವೂ ಇಲ್ಲ, ಬಯಲೂ ಇಲ್ಲ. ಆಟವೆಲ್ಲ ಪಡಸಾಲೆಯಲ್ಲಿ. ಹೀಗೆ ಒಂದೇ ಓಣಿಯ ಎದುರುಬದುರು ಮನೆಗಳ ಎರಡು ಪಡಸಾಲೆಗಳಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಕೂಡಿ ಬೆಳೆದರು. ಅವರ ಹೆಸರು ಬೇಡ, ಓಣಿಯ ಗುರುತೂ ಬೇಡ. ಎರಡು ಮನೆಗಳ ದೇವರು ಬೇರೆ, ಹಬ್ಬ ಬೇರೆ, ಅಡಿಗೆಯ ಮಸಾಲೆ ಬೇರೆ ಎಂದಷ್ಟು ಹೇಳಿದರೆ ಸಾಕು. ಕನ್ನಡ, ಮರಾಠಿ, ಉರ್ದು, ಕೊಂಕಣಿ ನಾಲ್ಕೂ ಒಂದೇ ಸಂತೆಯಲ್ಲಿ ಕೇಳಿಬರುವ ಊರಿನಲ್ಲಿ ಇದು ದೊಡ್ಡ ಮಾತೇನೂ ಅಲ್ಲ. ಹಬ್ಬದ ದಿನ ಈ ಮನೆಯ ತಾಟು ಆ ಮನೆಗೆ ಹೋಗುತ್ತಿತ್ತು, ಬರಿದಾಗಿ ಮರಳುತ್ತಿರಲಿಲ್ಲ.

ಹುಡುಗಿಯ ತಂದೆ ಹಂಚಿನ ಕಾರ್ಖಾನೆಯಲ್ಲಿ ದುಡಿಯುವವರು. ಖಾನಾಪುರದ ಮಣ್ಣು ಹಂಚಿಗೆ, ಮಡಕೆಗೆ ಹೆಸರಾದದ್ದು. ರಜೆಯ ದಿನ ಬುತ್ತಿ ಕೊಡಲು ಹೋದ ಇಬ್ಬರೂ ಹಸಿ ಮಣ್ಣಿನಲ್ಲಿ ಎತ್ತು, ಬಸವಣ್ಣ, ರೈಲುಗಾಡಿ ಮಾಡುತ್ತಿದ್ದರು. ಅವಸರಕ್ಕೆ ಬಿಸಿಲಲ್ಲಿಟ್ಟರೆ ಎತ್ತಿನ ಕಾಲು ಸೀಳುತ್ತಿತ್ತು. ಆಗ ತಂದೆ ಹೇಳುತ್ತಿದ್ದ ಮಾತು ಒಂದೇ: ‘ಮಣ್ಣಿಗೆ ಗಡಿಬಿಡಿ ಮಾಡಬ್ಯಾಡ್ರಿ. ನೆಳ್ಳಾಗ ಇಡ್ರಿ, ಹಗೂರಕ ಒಣಗಲಿ.’

ಅವರು ಅನುಭವದಿಂದ ಹೇಳಿದ ಮಾತಿಗೆ ವಿಜ್ಞಾನದ ಕಾರಣವಿದೆ. ಹಸಿ ಮಣ್ಣಿನ ಕಣಗಳ ನಡುವಿನ ನೀರು ಆರಿದಂತೆ ಮಣ್ಣು ಕುಗ್ಗುತ್ತದೆ. ಹೊರಮೈ ಬೇಗ ಒಣಗಿ ಕುಗ್ಗಿ, ಒಳಮೈ ಇನ್ನೂ ಹಸಿಯಾಗಿಯೇ ಉಳಿದರೆ ಎರಡರ ನಡುವಿನ ಎಳೆದಾಟದಲ್ಲಿ ಬಿರುಕು ಬಿಡುತ್ತದೆ. ಸಾವಕಾಶವಾಗಿ ಒಣಗಿದ್ದು ಮಾತ್ರ ಭಟ್ಟಿಯ ಬೆಂಕಿಯನ್ನು ತಡೆಯುತ್ತದೆ. ಭಟ್ಟಿಯಲ್ಲಿ 500–600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮಣ್ಣಿನ ರಚನೆಯೊಳಗೇ ಬೆಸೆದುಕೊಂಡಿದ್ದ ನೀರಿನ ಅಂಶವೂ ಹೊರಟುಹೋಗುತ್ತದೆ. ಆ ಮೇಲೆ ಅದನ್ನು ವರ್ಷಗಟ್ಟಲೆ ನೀರಿನಲ್ಲಿ ನೆನೆಹಾಕಿದರೂ ಮತ್ತೆ ಹಸಿ ಮಣ್ಣು ಮಾಡಲಾಗದು. ತಿದ್ದುವುದಿದ್ದರೆ ಅದಕ್ಕೂ ಮೊದಲೇ ತಿದ್ದಬೇಕು.

ಕೂಡಿ ನಡೆದ ದಾರಿ

ಇಬ್ಬರೂ 2005ರಲ್ಲಿ ಒಂದನೇ ಇಯತ್ತೆ ಸೇರಿದರು. ಹುಡುಗನಿಗೆ ಗಣಿತ ಸಲೀಸು, ಹುಡುಗಿಗೆ ಭಾಷೆ. ಅವನ ಕಾಗುಣಿತವನ್ನು ಅವಳು ತಿದ್ದುತ್ತಿದ್ದಳು. ಅವಳ ಭಾಗಾಕಾರವನ್ನು ಅವನು. ಹತ್ತನೆಯ ತರಗತಿ ಮುಗಿದ ಮೇಲೆ ಅವನು ಡಿಪ್ಲೊಮಾಕ್ಕೆ, ಅವಳು ಪಿಯುಸಿಗೆ, ಮುಂದೆ ಪದವಿಗೆ ಹೋದರು. ದಾರಿ ಮಾತ್ರ ಒಂದೇ. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರು. ರೈಲಿನಲ್ಲಾದರೆ ನಡುವೆ ಇದಲಹೊಂಡ, ದೇಸೂರು ನಿಲ್ದಾಣಗಳು. ಬಸ್ಸಿನಲ್ಲಾದರೆ ಪೀರನವಾಡಿ, ಉದ್ಯಮಬಾಗ ದಾಟಿ ಟಿಳಕವಾಡಿ. ಬೆಳಗಿನ ಬಸ್ಸಿನಲ್ಲಿ ಪಾಸು ಹಿಡಿದ ಹುಡುಗರ ನೂಕುನುಗ್ಗಲು. ಅವನು ಹಿಂದಿನ ಬಾಗಿಲಿನಿಂದ ಹತ್ತಿ ಕಿಟಕಿಯ ಪಕ್ಕ ಚೀಲ ಇಡುತ್ತಿದ್ದ. ಅವಳು ಮುಂದಿನ ಬಾಗಿಲಿನಿಂದ ಹತ್ತಿ ಆ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಇಷ್ಟೇ. ಇದನ್ನು ಪ್ರೀತಿ ಎಂದು ಅವರಿಬ್ಬರೂ ಬಹಳ ದಿನ ಕರೆಯಲೇ ಇಲ್ಲ.

ಪರಿಚಿತವಾದದ್ದರ ಮೇಲೆ ಮನಸ್ಸು ಒಲಿಯುವುದು ಮನುಷ್ಯನ ಸಹಜ ಗುಣ. 1968ರಲ್ಲಿ ಮನೋವಿಜ್ಞಾನಿ ರಾಬರ್ಟ್ ಜಾಯನ್ಸ್ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಅರ್ಥವೇ ಗೊತ್ತಿಲ್ಲದ ಪದ, ಗುರುತೇ ಇಲ್ಲದ ಮುಖ ಕೂಡ ಮತ್ತೆ ಮತ್ತೆ ಕಣ್ಣಿಗೆ ಬಿದ್ದಾಗ ಜನರಿಗೆ ಹೆಚ್ಚು ಹಿತವೆನಿಸತೊಡಗುತ್ತದೆ. ಬರೀ ಚಿತ್ರದಲ್ಲಿ ಕಂಡ ಮುಖಕ್ಕೇ ಹೀಗಾದರೆ, ಹದಿನೈದು ವರ್ಷ ಜೊತೆಗೆ ನಕ್ಕ, ಜಗಳಾಡಿದ, ಜ್ವರ ಬಂದಾಗ ನೋಟ್ಸು ಬರೆದುಕೊಟ್ಟ ಮುಖದ ಪಾಡೇನು? ಬಾಲ್ಯದ ಗೆಳೆತನ ಪ್ರೀತಿಯಾಗಿ ತಿರುಗಿತೆಂದರೆ ಅದು ಸಿನಿಮಾ ಕೆಡಿಸಿದ್ದೂ ಅಲ್ಲ, ಮೊಬೈಲು ಕೆಡಿಸಿದ್ದೂ ಅಲ್ಲ. ಅದೇ ಓಣಿ, ಅದೇ ಶಾಲೆ, ಅದೇ ಬಸ್ಸು ಸೇರಿ ಮಾಡಿದ ಕೆಲಸ.

2019ರ ಆಗಸ್ಟ್ ತಿಂಗಳ ಮಹಾಪೂರವನ್ನು ಬೆಳಗಾವಿ ಜಿಲ್ಲೆಯವರು ಮರೆಯುವುದಿಲ್ಲ. ಒಂದು ಮಧ್ಯಾಹ್ನ ಬಸ್ಸುಗಳು ನಿಂತೇಹೋದವು. ಹುಡುಗ ತನ್ನ ಗೆಳೆಯನ ಕೋಣೆಗೆ ಹೋಗುವುದನ್ನು ಬಿಟ್ಟು, ಮೊಳಕಾಲುದ್ದ ನೀರಿನಲ್ಲಿ ಅವಳನ್ನು ಶಹಾಪುರದಲ್ಲಿದ್ದ ಅವಳ ಸೋದರತ್ತೆಯ ಮನೆಗೆ ಮುಟ್ಟಿಸಿ, ಅವಳ ತಂದೆಗೆ ಫೋನು ಮಾಡಿದ. ‘ಮಾಮಾ, ಚಿಂತಿ ಮಾಡಬ್ಯಾಡ್ರಿ. ಅತ್ತಿ ಮನಿ ಮುಟ್ಯಾಳ.’ ತಂದೆಗೆ ಗಂಟಲು ಕಟ್ಟಿತು. ‘ನೀ ನನ್ನ ಮಗ ಇದ್ದಂಗ ನೋಡಪಾ’ ಎಂದರು. ಆ ಮಾತು ಸುಳ್ಳಾಗಿರಲಿಲ್ಲ. ಮಗನಂತೆ ಎನ್ನುವುದಕ್ಕೂ ಅಳಿಯ ಎನ್ನುವುದಕ್ಕೂ ನಡುವೆ ಎಷ್ಟು ದೂರವಿದೆ ಎಂದು ಅವರು ಅಂದು ಯೋಚಿಸಿರಲಿಲ್ಲ ಅಷ್ಟೆ.

ಪತ್ರಿಕೆ ತಂದ ಸುದ್ದಿ

2021ರ ಹೊತ್ತಿಗೆ ಅವನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ಅವಳು ಬಿ.ಎಡ್. ಓದುತ್ತಿದ್ದಳು. ಇಬ್ಬರಿಗೂ 22 ವರ್ಷ. ಅವಳ ಓದು ಮುಗಿಯಲಿ, ಅವನ ಕೆಲಸ ಕಾಯಂ ಆಗಲಿ, ಆ ಮೇಲೆ ಮನೆಯಲ್ಲಿ ಬಾಯಿಬಿಟ್ಟು ಹೇಳೋಣ ಎಂದು ಮಾತಾಗಿತ್ತು. ‘ನಮ್ಮಪ್ಪ ಹೂಂ ಅಂತಾರ, ನೋಡ್ತಿರು’ ಎಂದು ಅವಳೇ ಧೈರ್ಯ ಹೇಳುತ್ತಿದ್ದಳು.

ಆ ವರ್ಷದ ಸೆಪ್ಟೆಂಬರ್ 28ರಂದು ಖಾನಾಪುರದ ರೈಲು ಹಳಿಯ ಮೇಲೆ ಬೆಳಗಾವಿಯ ಒಬ್ಬ 24 ವರ್ಷದ ಯುವಕನ ಶವ ಸಿಕ್ಕಿತು. ರುಂಡ ಬೇರೆ, ಮುಂಡ ಬೇರೆ. ಅವನು ಅನ್ಯಧರ್ಮದ ಯುವತಿಯನ್ನು ಪ್ರೀತಿಸಿದ್ದ. ಇದು ಅಪಘಾತವಲ್ಲ, ಆತ್ಮಹತ್ಯೆಯೂ ಅಲ್ಲ, ಕೊಲೆ ಎಂದು ಅವನ ತಾಯಿ ಪಟ್ಟು ಹಿಡಿದು ದೂರು ಕೊಟ್ಟರು. ರೈಲ್ವೆ ಪೊಲೀಸರಲ್ಲಿದ್ದ ಪ್ರಕರಣ ಜಿಲ್ಲಾ ಪೊಲೀಸರಿಗೆ ಬಂತು. ಅಕ್ಟೋಬರ್ ತಿಂಗಳಲ್ಲಿ ಹತ್ತು ಮಂದಿಯ ಬಂಧನವಾಯಿತು. ಅವರಲ್ಲಿ ಯುವತಿಯ ತಂದೆತಾಯಿಯೂ ಇದ್ದರು. ಹಣ ಕೊಟ್ಟು ಕೊಲೆ ಮಾಡಿಸಿದರು ಎಂಬುದು ಪೊಲೀಸರು ಹೊರಿಸಿದ ಆರೋಪ. ಆರೋಪವನ್ನು ತೂಗಿ ತೀರ್ಪು ಹೇಳುವುದು ನ್ಯಾಯಾಲಯದ ಕೆಲಸ. ಆದರೆ ಒಬ್ಬ ತಾಯಿಯ ಮಗ ಮನೆಗೆ ಮರಳಲಿಲ್ಲ ಎಂಬುದಕ್ಕೆ ಯಾವ ತೀರ್ಪೂ ಬೇಕಿಲ್ಲ.

ಆ ಸುದ್ದಿ ಪತ್ರಿಕೆಯಲ್ಲಿ ಬಂದ ಬೆಳಿಗ್ಗೆ ಈ ಓಣಿಯ ಮನೆಯಲ್ಲಿ ಎಂದಿನಂತೆ ಚಹಾ ಆಗಿತ್ತು. ತಂದೆ ಪಡಸಾಲೆಯ ಕಂಬಕ್ಕೆ ಒರಗಿ ಓದುತ್ತಿದ್ದರು. ಪುಟ ಮಡಚಿ, ಬಸಿಯಲ್ಲಿ ಚಹಾ ಸುರಿದುಕೊಂಡು, ಯಾರಿಗೆಂದಲ್ಲದೆ ಅಂದರು: ‘ಹಡದವರರೆ ಮತ್ತೇನ್ ಮಾಡ್ಯಾರು?’

ಅಷ್ಟೇ. ಕೋಪವಿಲ್ಲ, ಕೂಗಾಟವಿಲ್ಲ. ಮಳೆ ಬಂತು ಎನ್ನುವಷ್ಟೇ ಸಹಜವಾಗಿ ಬಂದ ಮಾತು. ಚಹಾ ಮುಗಿಸಿ ಅವರು ಕಾರ್ಖಾನೆಗೆ ಹೋದರು. ಸಂಜೆಯ ಹೊತ್ತಿಗೆ ಆ ಮಾತು ಅವರಿಗೆ ನೆನಪೂ ಇರಲಿಲ್ಲ.

ಒಳಗೆ ಒಲೆಯ ಮುಂದೆ ನಿಂತಿದ್ದ ಮಗಳಿಗೆ ಅದು ಎಂದೂ ಮರೆಯಲಿಲ್ಲ.

ಬಸ್ ನಿಲ್ದಾಣದಲ್ಲಿ

ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಮನೆಯವರ ವಿರೋಧಕ್ಕೆ ಅವಳು ಅಂಜುವವಳಲ್ಲ. ಆದರೆ ಹಳಿಯ ಮೇಲೆ ಸಿಕ್ಕ ಆ ದೇಹಕ್ಕೆ ಅವಳ ಮನಸ್ಸು ಗೆಳೆಯನ ಮುಖವನ್ನೇ ಕೂಡಿಸುತ್ತಿತ್ತು. ತಂದೆ ಕೊಲ್ಲುವವರಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಆದರೂ ಅಂಥ ಕೃತ್ಯ ಮಾಡಿದವರೆಂಬ ಆರೋಪ ಹೊತ್ತವರ ಪರವಾಗಿ ತಂದೆಯ ಬಾಯಿಂದಲೇ ಒಂದು ಮಾತು ಬಂದಿತ್ತಲ್ಲ! ಬೆಳಗಾಗುವುದರೊಳಗೆ ಅವಳು ಒಂದು ನಿರ್ಧಾರಕ್ಕೆ ಬಂದಳು. ನಿಜ ಹೇಳಿದರೆ ಅವನು ಬಿಟ್ಟುಹೋಗುವವನಲ್ಲ. ‘ಸತ್ರ ಕೂಡೇ ಸಾಯೋಣು’ ಎನ್ನುವ ಜಾತಿಯವನು. ಆದ್ದರಿಂದ ಸುಳ್ಳು ಹೇಳಬೇಕು.

ಬೆಳಗಾವಿಯ ಕೇಂದ್ರ ಬಸ್ ನಿಲ್ದಾಣದಲ್ಲಿ, ಖಾನಾಪುರದ ಬಸ್ಸು ನಿಲ್ಲುವ ಕಡೆ, ನೂರಾರು ಜನರ ನಡುವೆ ಅವಳು ಹೇಳಿದಳು. ‘ಫೌಂಡ್ರಿಯಾಗ ದುಡಿಯಾಂವನ ಜೋಡಿ ನನ್ನ ಬಾಳೆ ಆಗೂದಿಲ್ಲ. ಇನ್ನ ಫೋನ್ ಮಾಡಬ್ಯಾಡ.’

ಅವನು ಮೊದಲು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. ಯಾಕೆಂದು ಕೇಳಲಿಲ್ಲ. ಕೈಯಲ್ಲಿದ್ದ ಕುಂದಾದ ಪೊಟ್ಟಣವನ್ನು – ಅಂದು ಅವನಿಗೆ ಸಂಬಳವಾಗಿತ್ತು – ಬೆಂಚಿನ ಮೇಲಿಟ್ಟು ಹೊರಟುಹೋದ. ಅವಳು ಬಸ್ಸು ಹತ್ತಿದಳು. ಕಿಟಕಿಯ ಪಕ್ಕದ ಸೀಟಿನಲ್ಲಿ ಅಂದು ಚೀಲವಿರಲಿಲ್ಲ.

ತಿಂಗಳೊಳಗೆ ಅವನು ಕೆಲಸ ಬಿಟ್ಟು ಪುಣೆಗೆ ಹೋದ. ಎದುರು ಮನೆಗೆ ಹಬ್ಬದ ತಾಟು ಹೋಗುವುದು ನಿಂತಿತು. ಯಾಕೆ ನಿಂತಿತೆಂದು ಎರಡೂ ಮನೆಯ ಹಿರಿಯರಿಗೆ ತಿಳಿಯಲಿಲ್ಲ. 2023ರ ಬೇಸಿಗೆಯಲ್ಲಿ ಅವನ ಮದುವೆಯಾಯಿತು. ಓಣಿಯವರೆಲ್ಲ ಊಟಕ್ಕೆ ಹೋದರು. ತಲೆನೋವೆಂದು ಅವಳೊಬ್ಬಳು ಹೋಗಲಿಲ್ಲ.

ಅದು ನೆವವಷ್ಟೇ ಆಗಿರಲಿಲ್ಲ. ಆ ಎರಡು ವರ್ಷ ಅವಳಿಗೆ ನಿಜಕ್ಕೂ ತಲೆನೋವು, ಎದೆಯುರಿ, ಊಟ ಸೇರದಿರುವುದು ಎಲ್ಲ ಇದ್ದವು. ಖಾನಾಪುರದ ಡಾಕ್ಟರು, ಬೆಳಗಾವಿಯ ಡಾಕ್ಟರು, ರಕ್ತಪರೀಕ್ಷೆ ಎಲ್ಲ ಮುಗಿದು ಏನೂ ಇಲ್ಲವೆಂದಾಯಿತು. ತಾಯಿ ದೃಷ್ಟಿ ತೆಗೆದರು. ಏನೂ ಇಲ್ಲದ್ದು ಇಷ್ಟು ನೋಯುತ್ತದೆಯೇ? ನೋಯುತ್ತದೆ. ಅಮೆರಿಕದ ಸಂಶೋಧಕರು 2003ರಲ್ಲಿ ಒಂದು ಪ್ರಯೋಗ ಮಾಡಿದರು. ಕಂಪ್ಯೂಟರಿನಲ್ಲಿ ಚೆಂಡಿನಾಟ, ಸ್ವಲ್ಪ ಹೊತ್ತಿನ ನಂತರ ಉಳಿದ ಆಟಗಾರರು ಒಬ್ಬರಿಗೆ ಚೆಂಡು ಎಸೆಯುವುದನ್ನೇ ಬಿಡುತ್ತಾರೆ. ಹೀಗೆ ಹೊರಗುಳಿದವರ ಮೆದುಳನ್ನು ಸ್ಕ್ಯಾನ್ ಮಾಡಿದಾಗ, ಮೈಗೆ ಪೆಟ್ಟಾದಾಗ ಚುರುಕಾಗುವ ಭಾಗಗಳಲ್ಲೊಂದು ಆಗಲೂ ಚುರುಕಾದದ್ದು ಕಂಡಿತು. ಇನ್ನು, ತೀವ್ರ ದುಃಖದ ಆಘಾತಕ್ಕೆ ಹೃದಯದ ಒಂದು ಭಾಗ ಬಲೂನಿನಂತೆ ಉಬ್ಬಿ, ತಾತ್ಕಾಲಿಕವಾಗಿ ಶಕ್ತಿಗುಂದುವ ಕಾಯಿಲೆಯನ್ನು ಜಪಾನಿನ ವೈದ್ಯರು 1990ರಲ್ಲಿ ಗುರುತಿಸಿ ‘ಟಾಕೊತ್ಸುಬೊ’ ಎಂದು ಹೆಸರಿಟ್ಟರು. ಅಂದರೆ ಆಕ್ಟೋಪಸ್ ಹಿಡಿಯುವ ಮಡಕೆ. ಉಬ್ಬಿದ ಹೃದಯದ ಆಕಾರ ಹಾಗೆ ಕಾಣುತ್ತದೆ. ಎದೆ ಒಡೆಯಿತು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಬರೀ ಅಲಂಕಾರದ ಮಾತಲ್ಲ. ಆದ್ದರಿಂದ ‘ಇಷ್ಟಕ್ಕೆಲ್ಲ ಯಾಕೆ ಅಳುತ್ತೀ’ ಎಂದು ಹರೆಯದ ಮಕ್ಕಳನ್ನು ಗದರಿಸುವ ಮೊದಲು ಪಾಲಕರು ಒಂದು ಕ್ಷಣ ತಡೆಯುವುದು ಒಳಿತು. ಅವರ ಮೆದುಳಿನಲ್ಲಿ ಭಾವನೆಗಳ ಭಾಗ ಬೇಗ ಚುರುಕಾಗುತ್ತದೆ. ಹಿಂದುಮುಂದು ನೋಡಿ ತೂಗಿ ನಿರ್ಧರಿಸುವ, ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಮಣ್ಣು ಇನ್ನೂ ನೆರಳಿನಲ್ಲಿ ಒಣಗುತ್ತಿರುತ್ತದೆ.

ಮತ್ತೊಂದು ಬೆಳಿಗ್ಗೆ

2023ರ ಡಿಸೆಂಬರ್. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಿತ್ತು. ಅದೇ ವಾರ, 11ನೇ ತಾರೀಖಿನ ನಸುಕಿನಲ್ಲಿ, ಬೆಳಗಾವಿ ತಾಲೂಕಿನ ಹೊಸ ವಂಟಮುರಿಯಲ್ಲಿ ಒಬ್ಬ ತಾಯಿಯನ್ನು ಮನೆಯಿಂದ ಎಳೆದು, ವಿವಸ್ತ್ರಗೊಳಿಸಿ, ಕಂಬಕ್ಕೆ ಕಟ್ಟಿ ಹೊಡೆದರು. ಆಕೆಯ ಮಗ ಅದೇ ಊರಿನ ಹುಡುಗಿಯೊಡನೆ ಊರು ಬಿಟ್ಟಿದ್ದ. ತಾಯಿ ಮಾಡಿದ ತಪ್ಪು, ಅವನನ್ನು ಹಡೆದದ್ದು. ಪತ್ರಿಕೆಗಳ ವರದಿ ಕಂಡು ರಾಜ್ಯದ ಹೈಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು.

ಖಾನಾಪುರದ ಆ ಪಡಸಾಲೆಯಲ್ಲಿ ಅದೇ ಕಂಬ, ಅದೇ ಬಸಿ, ಅದೇ ಚಹಾ. ತಂದೆ ಸುದ್ದಿ ಓದಿದರು. ಬಹಳ ಹೊತ್ತು ಪುಟ ತಿರುಗಿಸಲಿಲ್ಲ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿರುವ ಮನುಷ್ಯ. ಕಂಬಕ್ಕೆ ಕಟ್ಟಿದ ಆ ತಾಯಿ ಅವರ ಹೆಂಡತಿಗಿಂತ ವಯಸ್ಸಿನಲ್ಲಿ ಚಿಕ್ಕವಳು. ಕೊನೆಗೆ ಚಹಾ ಬದಿಗಿಟ್ಟು ಅಂದರು: ‘ಆ ಪಾರಗೋಳು ಈಗ ಎಲ್ಲಿ ಅದಾವೋ ಏನೋ. ಉಂಡಾವೋ, ಉಪಾಸ ಅದಾವೋ…’

ಒಳಗಿನಿಂದ ಪಾತ್ರೆ ಬಿದ್ದ ಸದ್ದಾಯಿತು. ದೊಡ್ಡ ಮಗಳು ಒಲೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಎರಡು ವರ್ಷ ಒಂದು ಹನಿ ಕಣ್ಣೀರು ಹಾಕದವಳು. ತಾಯಿ ಬಂದರು, ತಂಗಿ ಬಂದಳು. ತಂದೆ ಬಾಗಿಲಲ್ಲಿ ನಿಂತರು. ಆಗ ಅವಳು ಎಲ್ಲ ಹೇಳಿದಳು. ಬಸ್ಸು, ಚೀಲ, ಮಹಾಪೂರ, ಬಸ್ ನಿಲ್ದಾಣದ ಸುಳ್ಳು.

‘ನನಗ ಯಾಕ ಹೇಳಲಿಲ್ಲವಾ?’ ಎಂದರು ತಂದೆ.

‘ನೀವು ಅವತ್ತ ಹೇಳಿದ್ರೆಲ್ಲ ಅಪ್ಪಾ, ಹಡದವರರೆ ಮತ್ತೇನ್ ಮಾಡ್ಯಾರು ಅಂತ.’

ತಂದೆಗೆ ನೆನಪಿರಲಿಲ್ಲ. ನೆನಪಿಲ್ಲ ಎಂದು ಹೇಳಲೂ ಬಾಯಿ ಬರಲಿಲ್ಲ. ಹಾಗಾದರೆ ಅಂದೇ ಹೇಳಿದ್ದರೆ ಅವರು ಒಪ್ಪುತ್ತಿದ್ದರೇ? ಅವರೇ ಪ್ರಾಮಾಣಿಕವಾಗಿ ಹೇಳಿದ ಉತ್ತರ ಇದು: ‘ಮೊದಲ ದಿನ ಒಪ್ಪತಿರಲಿಲ್ಲ. ಬೈತಿದ್ದೆ. ನಾಕ ದಿನ ಮಾತು ಬಿಡತಿದ್ದೆ. ಆಮ್ಯಾಲ… ಆ ಹುಡುಗನ್ನ ನಾನ ಎತ್ತಿ ಆಡಿಸೇನಿ.’

ಆ ‘ಆಮ್ಯಾಲ’ ಎಂಬ ಮಾತಿನ ಒಳಗೆ ಎರಡು ಜೀವಗಳ ಬದುಕಿತ್ತು. ಅಲ್ಲಿಯವರೆಗೆ ಹೋಗಲು ದಾರಿ ಇದೆಯೆಂದು ಮಗಳಿಗೆ ತಿಳಿಯಲೇ ಇಲ್ಲ. ಯಾರೂ ಅಡ್ಡ ಬರಲಿಲ್ಲ, ಯಾರೂ ಬೆದರಿಸಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಆದರೂ ಎಲ್ಲ ಮುಗಿದುಹೋಗಿತ್ತು.

ತಿಳಿದಿದ್ದರೆ…

ಆ ಹುಡುಗಿಗೆ, ಅವಳ ತಂದೆಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯೂ ಇತ್ತು. ರೈಲು ಹಳಿಯ ಆ ಘಟನೆ ನಡೆದ ವರ್ಷದಲ್ಲೇ, ಅದಕ್ಕೆ ಏಳು ತಿಂಗಳು ಮೊದಲು, ಇದೇ ಬೆಳಗಾವಿ ಜಿಲ್ಲೆಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು ಕೊಟ್ಟಿತ್ತು. ಮನೆಯವರಿಗೆ ತಿಳಿಸದೆ ದಿಲ್ಲಿಗೆ ಹೋಗಿ ಮದುವೆಯಾದ ಉಪನ್ಯಾಸಕಿಯೊಬ್ಬಳ ತಂದೆ, ಮಗಳು ಕಾಣೆಯಾಗಿದ್ದಾಳೆಂದು ಮುರಗೋಡ ಠಾಣೆಯಲ್ಲಿ ದೂರು ಕೊಟ್ಟಿದ್ದರು. ಮದುವೆಯ ಪ್ರಮಾಣಪತ್ರ ಕಳಿಸಿದರೂ, ಠಾಣೆಗೇ ಬಂದು ಹೇಳಿಕೆ ಕೊಡಬೇಕು, ಇಲ್ಲವಾದರೆ ಗಂಡನ ಮೇಲೆ ಅಪಹರಣದ ಮೊಕದ್ದಮೆ ಹೂಡಬೇಕಾದೀತು ಎಂದು ತನಿಖಾಧಿಕಾರಿ ಒತ್ತಾಯಿಸಿದರು. 2021ರ ಫೆಬ್ರುವರಿ 8ರಂದು ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮತ್ತು ಹೃಷಿಕೇಶ್ ರಾಯ್ ಅವರ ಪೀಠ ಆ ಪ್ರಕರಣವನ್ನು ರದ್ದುಪಡಿಸಿತು. ಪ್ರಾಪ್ತ ವಯಸ್ಸಿನ ಇಬ್ಬರು ಒಪ್ಪಿ ಮದುವೆಯಾಗುವುದಕ್ಕೆ ಕುಟುಂಬದ, ಜಾತಿಯ ಅಥವಾ ಕುಲದ ಅಪ್ಪಣೆ ಬೇಕಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಇಂಥ ಪ್ರಕರಣಗಳನ್ನು ಹೇಗೆ ನಿಭಾಯಿಸಬೇಕೆಂದು ಎಂಟು ವಾರದೊಳಗೆ ಪೊಲೀಸರಿಗೆ ತರಬೇತಿಯ ವ್ಯವಸ್ಥೆಯಾಗಬೇಕೆಂದಿತು. ಅಂತರ್ಜಾತಿ ವಿವಾಹದ ಬಗ್ಗೆ ಡಾ. ಅಂಬೇಡ್ಕರರ ವಿಚಾರವನ್ನು ನೆನಪಿಸಿತು. ತಂದೆಯೂ ಮಗಳು ಅಳಿಯಂದಿರನ್ನು ಒಪ್ಪಿಕೊಳ್ಳಲಿ ಎಂಬ ಆಶಯವನ್ನೂ ಸೇರಿಸಿತು.

ಅದಕ್ಕೂ ಮೊದಲು, 2018ರ ಮಾರ್ಚ್ 27ರ ಶಕ್ತಿವಾಹಿನಿ ಪ್ರಕರಣದ ತೀರ್ಪಿನಲ್ಲಿ, ಬೆದರಿಕೆಯಿರುವ ಜೋಡಿಗಳಿಗಾಗಿ ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ, ಸಹಾಯವಾಣಿ, ಸುರಕ್ಷಿತ ವಸತಿ ಇರಬೇಕೆಂದು ಇದೇ ನ್ಯಾಯಾಲಯ ನಿರ್ದೇಶಿಸಿತ್ತು. ಬೇರೆ ಬೇರೆ ಧರ್ಮದವರು ಯಾರೂ ತಮ್ಮ ಧರ್ಮ ಬಿಡದೆ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯ್ದೆ ಇದೆ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ವಿವಾಹಾಧಿಕಾರಿಗೆ ಕೊಟ್ಟ ನೋಟಿಸಿಗೆ 30 ದಿನದ ಅವಧಿ ಕಳೆಯಬೇಕು. ಮೂವರು ಸಾಕ್ಷಿಗಳು ಬೇಕು. ಆ ನೋಟಿಸು ಕಚೇರಿಯ ಫಲಕದಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಬೆದರಿಕೆ ಇದ್ದವರು ಅದಕ್ಕೆ ಮೊದಲೇ ರಕ್ಷಣೆ ಕೇಳುವುದು ಲೇಸು. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098 ಇವೆ. ಮನಸ್ಸು ತಡೆಯದಂತಾದಾಗ ‘ಟೆಲಿ ಮಾನಸ್’ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಶಾಲೆ, ಪಿಯುಸಿ ಓದುವ ಮಕ್ಕಳು ಇದನ್ನು ಅರ್ಧ ಮಾತ್ರ ಓದಿ ಸಂತೋಷಪಡಬಾರದು. ಹದಿನೆಂಟರ ಒಳಗಿನವರ ‘ಒಪ್ಪಿಗೆ’ಗೆ 2012ರ ಪೋಕ್ಸೊ ಕಾಯ್ದೆಯಲ್ಲಿ ಬೆಲೆಯಿಲ್ಲ. ಓಡಿಹೋದ ಎಷ್ಟೋ ಹುಡುಗರು ಜೈಲು ಕಂಡಿದ್ದಾರೆ. ಎಷ್ಟೋ ಹುಡುಗಿಯರ ಓದು ಅಲ್ಲಿಗೇ ನಿಂತಿದೆ. ಪಾಲಕರ ಆತಂಕವೆಲ್ಲ ಬರೀ ಜಾತಿಯ ಜಂಬವೆಂದು ತಿಳಿಯುವುದೂ ತಪ್ಪು. ಮಗಳು ಮೋಸಹೋದಾಳು, ಮಗ ಓದು ಕೆಡಿಸಿಕೊಂಡಾನು, ಕಷ್ಟ ಬಂದಾಗ ಕೈಹಿಡಿಯುವವರಿಲ್ಲದೆ ಬಿದ್ದಾರು ಎಂಬ ಹೆದರಿಕೆ ಅದರಲ್ಲಿರುತ್ತದೆ. ನಿಜವಾದ ಪ್ರೀತಿ ಓದು ಮುಗಿಯುವವರೆಗೆ ಕಾಯುತ್ತದೆ. ಈ ಇಬ್ಬರು ಕಾಯ್ದಿದ್ದರು. ಕಾಯ್ದು ಕೇಳುವ ದಿನ ಬಂದಾಗ, ಕೇಳುವ ಬಾಗಿಲು ಮುಚ್ಚಿದಂತೆ ಕಂಡಿತು.

ತಂದೆಗೆ ಮಗಳ ಮಾನವೇ ದೊಡ್ಡದು ಎನ್ನುವವರು ಕಲ್ಯಾಣದ ಕಥೆಯನ್ನೊಮ್ಮೆ ನೆನೆಯಬೇಕು. ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಶರಣರು ಮದುವೆ ಮಾಡಿಸಿದರು. ಅದಕ್ಕಾಗಿ ಬಿಜ್ಜಳನ ಆಳ್ವಿಕೆಯಲ್ಲಿ ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದು ಪರಂಪರೆ ಹೇಳುತ್ತದೆ. ಗಿರೀಶ ಕಾರ್ನಾಡರ ‘ತಲೆದಂಡ’ ನಾಟಕಕ್ಕೆ ಇದೇ ವಸ್ತು. ಮಕ್ಕಳ ಮದುವೆಗಾಗಿ ತಮ್ಮ ಜೀವವನ್ನೇ ಕೊಟ್ಟ ಇಬ್ಬರು ಹಡೆದವರನ್ನು ಎಂಟುನೂರು ವರ್ಷಗಳಿಂದ ನೆನೆಯುತ್ತ ಬಂದಿರುವ ನಾಡು ಇದು. ‘ಹಡೆದವರು ಮತ್ತೇನು ಮಾಡಿಯಾರು’ ಎಂಬ ಪ್ರಶ್ನೆಗೆ ಅವರದೂ ಒಂದು ಉತ್ತರ.

ಈಗ ಆ ಮನೆಯಲ್ಲಿ

ಪುಣೆಗೆ ಹೋದವನು ಸಂಸಾರಸ್ಥ. ಅವನಿಗೆ ಇಂದಿಗೂ ನಿಜ ತಿಳಿಯದು. ತಿಳಿಸಬಾರದೆಂದು ಅವಳೇ ಆಣೆ ಹಾಕಿಸಿದ್ದಾಳೆ. ‘ಆ ಇನ್ನೊಬ್ಬಾಕಿ ಏನ್ ಪಾಪ ಮಾಡ್ಯಾಳ?’ ಎಂಬುದು ಅವಳ ಪ್ರಶ್ನೆ. ಅವಳು ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಮದುವೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ತಲೆನೋವು ಮೊದಲಿಗಿಂತ ಕಡಿಮೆಯಾಗಿದೆ. ಎದುರು ಮನೆಗೆ ಹಬ್ಬದ ತಾಟು ಮತ್ತೆ ಹೋಗತೊಡಗಿದೆ; ಅದನ್ನು ಒಯ್ಯುವವರು ತಂದೆ.

ತಂದೆ ಈಗಲೂ ಬೆಳಿಗ್ಗೆ ಕಂಬಕ್ಕೆ ಒರಗಿ ಪತ್ರಿಕೆ ಓದುತ್ತಾರೆ. ಮೊದಲಿನಂತೆ ಸುದ್ದಿಗೊಂದು ಮಾತು ಆಡುವುದಿಲ್ಲ. ಓದಿ, ಮಡಚಿ, ಮಕ್ಕಳ ಕೈಗೆ ಕೊಟ್ಟು, ‘ನಿಮಗ ಏನ್ ಅನಸ್ತದ?’ ಎಂದು ಕೇಳುತ್ತಾರೆ.

ಹೋದ ಸಲದ ರಜೆಗೆ ಮುಂಚೆ ಕಾಲೇಜಿಗೆ ಹೋಗುವ ಚಿಕ್ಕ ಮಗಳು ಬಾಗಿಲಲ್ಲಿ ನಿಂತು, ‘ಅಪ್ಪಾ, ಒಂದ್ ಮಾತ್ ಹೇಳೂದೈತಿ, ಸಿಟ್ಟಿಗೇಳಬಾರದ’ ಎಂದಳು. ತಂದೆ ಪತ್ರಿಕೆ ಕೆಳಗಿಟ್ಟರು. ಕನ್ನಡಕ ತೆಗೆದರು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

‘ಹೇಳವಾ. ಏನಿದ್ರೂ ಹೇಳು. ಕುಂದರ ಇಲ್ಲೆ.’

ಅವಳಿಗೆ ಗೋಕಾಕ ಫಾಲ್ಸಿನ ಪ್ರವಾಸಕ್ಕೆ ಮುನ್ನೂರು ರೂಪಾಯಿ ಬೇಕಿತ್ತು. ತಂದೆ ನಕ್ಕರು, ತಾಯಿ ನಕ್ಕರು. ಒಳಗೆ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು.